ಅಗಲಿದವರ ಸಾಲಿನಲ್ಲಿ ಹಂಪಮ್ಮ

ತಾನು ಸತ್ತು ಹೋದ ಸುದ್ದಿ ಹಂಪಮ್ಮನಿಗೆ ತಿಳಿದದ್ದು ಗಾದೆಪ್ಪನ ಕಿರಾಣಿ ಅಂಗಡಿಯಲ್ಲಿ, ಅರ್ಧ ಕೆಜಿ ತೊಗರಿಬೇಳೆ ಕಟ್ಟಿಸಿಕೊಳ್ಳುವಾಗ.

ಅಂಗಡಿಯ ಮೂಲೆಯಲ್ಲಿ ದಾವಣಗೆರೆಯ ಪ್ರೆಸ್ಸಿನಿಂದ ಬಂದ ಪುಸ್ತಕದ ಕಟ್ಟುಗಳಿದ್ದವು. ಕಲ್ಬಾವಿ ಊರು ಪಟ್ಟಣ ಪಂಚಾಯಿತಿ ಆದ ಸಂಭ್ರಮಕ್ಕೆ ಹಿರಿಯರೆಲ್ಲ ಸೇರಿ ಮಾಡಿಸಿದ ಪುಸ್ತಕ: 'ನಮ್ಮ ಕಲ್ಬಾವಿ: ಊರು ಮತ್ತು ಊರಿನ ಗಣ್ಯರು.' ಬಿಡುಗಡೆ ಬರುವ ಭಾನುವಾರ. ಆದರೆ ಗಾದೆಪ್ಪ ಸಮಿತಿಯ ಸದಸ್ಯ, ಕಟ್ಟುಗಳು ಇಳಿದದ್ದು ಅವನದೇ ಅಂಗಡಿಯಲ್ಲಿ. ಬಿಚ್ಚದೆ ಇರಲು ಅವನ ಕೈ ಕೇಳಬೇಕಲ್ಲ.

"ನೋಡ್ರಿ ಅಮ್ಮಾರ, ಎಂಥೆಂಥವರು ಬಾಳಿ ಹೋಗ್ಯಾರ ನಮ್ಮೂರಾಗ," ಎಂದು ಒಂದು ಪ್ರತಿಯನ್ನು ಅವಳ ಕಡೆ ಚಾಚಿದ. "ನಾನು ತೋರಿಸಿದ್ನಿ ಅಂತ ಯಾರ ಮುಂದೂ ಅನಬ್ಯಾಡ್ರಿ ಮತ್ತ."

ಹಂಪಮ್ಮ ಕನ್ನಡಕ ಏರಿಸಿಕೊಂಡು ಪುಟ ತಿರುವಿದಳು. ಕೊನೆಯ ಕಡೆಗೆ 'ನಮ್ಮನ್ನು ಅಗಲಿದ ಮಹನೀಯರು' ಎಂಬ ಭಾಗ. ಕಪ್ಪು ಅಂಚಿನ ಚೌಕಗಳಲ್ಲಿ ಫೋಟೊಗಳು. ಡಾಕ್ಟರು, ಹೈಸ್ಕೂಲಿನ ಹೆಡ್‌ಮಾಸ್ತರು, ಟೂರಿಂಗ್ ಟಾಕೀಸಿನ ಮಾಲೀಕರು. ಅವರ ಕೆಳಗೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕ್ಯಾಮೆರಾ ತನ್ನನ್ನು ಗದರಿಸಿತೇನೋ ಎಂಬಂತೆ ಬಿಗಿದುಕೊಂಡು ಕುಳಿತ ಒಬ್ಬ ಹೆಂಗಸು. ಅವಳನ್ನು ಹಂಪಮ್ಮ ಕನ್ನಡಕವಿಲ್ಲದೆಯೂ ಗುರುತು ಹಿಡಿಯುತ್ತಿದ್ದಳು.

'ಶ್ರೀಮತಿ ಹಂಪಮ್ಮ, ದೂರವಾಣಿ ಆಪರೇಟರ್. ಕಾಲು ಶತಮಾನ ನಮ್ಮೂರಿನ ಸಿಹಿ ಸುದ್ದಿ, ಕಹಿ ಸುದ್ದಿಗಳನ್ನು ಮನೆಮನೆಗೆ ಮುಟ್ಟಿಸಿದ ಮಧುರ ಧ್ವನಿ. ಇಂದು ಆ ಧ್ವನಿ ನಮ್ಮೊಂದಿಗಿಲ್ಲ. ಕಲ್ಬಾವಿ ಆ ತಾಯಿಗೆ ಸದಾ ಋಣಿ.'

ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಕಂಡದ್ದು ಹೊಗಳಿಕೆ. ಸಾವು ಕಂಡದ್ದು ಆಮೇಲೆ. ಮಧುರ ಧ್ವನಿ ಅಂದರಲ್ಲ, ಋಣಿ ಅಂದರಲ್ಲ ಎಂದು ಎದೆ ತುಂಬಿ ಬಂದು, ಇನ್ನೊಮ್ಮೆ ಓದಲು ಹೋದಾಗಲೇ ಕಪ್ಪು ಅಂಚು ಕಣ್ಣಿಗೆ ಬಿದ್ದದ್ದು.

"ಈ ಯಮ್ಮ ಭಾಳ ದೊಡ್ಡಾಕಿ ಬಿಡ್ರಿ," ಎಂದ ಗಾದೆಪ್ಪ, ಬೇಳೆಯ ಪೊಟ್ಟಣಕ್ಕೆ ದಾರ ಸುತ್ತುತ್ತಾ. "ನಮ್ಮಪ್ಪ ಹೇಳ್ತಿದ್ದ, ಆಕಿ ಕೂತಲ್ಲೇ ಇಡೀ ಊರು ಕಾಣತಿತ್ತಂತ. ನಾನು ಮುಖ ನೋಡಿಲ್ಲ. ಪಾಪ, ಹೋದ್ಲು."

ಹಂಪಮ್ಮ ಏಳು ವರ್ಷದಿಂದ ಅವನ ಗಿರಾಕಿ. ಪೊಟ್ಟಣ ಇಸಿದುಕೊಂಡಳು, ಪುಸ್ತಕವನ್ನೂ ಕೇಳಿ ಇಸಿದುಕೊಂಡಳು. ಇದು ನಾನೇ ಎಂದು ಬಾಯಿಯವರೆಗೆ ಬಂದದ್ದು ನಿಜ. ಆದರೆ ತನ್ನ ಮುಖ ನೋಡಿಕೊಂಡೇ ಪಾಪ ಹೋದ್ಲು ಅಂದವನಿಗೆ ಎಲ್ಲಿಂದ ಶುರು ಮಾಡಿ ಹೇಳುವುದು ಅಂತ ತಿಳಿಯಲಿಲ್ಲ.

ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಹೊಸ ಬಡಾವಣೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಬಳಿ ಸ್ಟೂಲಿನ ಮೇಲೆ ಫೋನು. ಇಲಾಖೆಯಲ್ಲಿ ದುಡಿದವಳೆಂದು ಕೊಟ್ಟದ್ದು. ಅದು ರಿಂಗಾಗುವುದು ಬಹುಪಾಲು ರಾಂಗ್ ನಂಬರಿಗೆ. ಹಂಪಮ್ಮ ಅವರನ್ನೂ ಸುಮ್ಮನೆ ಬಿಡುವವಳಲ್ಲ. "ಅಲ್ರಿ, ಇದು ಗೊಬ್ಬರದ ಅಂಗಡಿ ಅಲ್ರಿ. ಎಲ್ಲಿಂದ ಮಾತಾಡ್ತೀರಿ? ಕೂಡ್ಲಿಗಿ ಕಡಿ ಮಳಿ ಆತೇನ್ರಿ?" ಎಂದು ಎರಡು ಮಾತು ಎಳೆಯುತ್ತಿದ್ದಳು. ಅತ್ತಲಿನವರು ಟಕ್ಕನೆ ಇಟ್ಟುಬಿಟ್ಟರೆ ಆ ಹೊತ್ತು ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಅಂದು ಅಡುಗೆ ಬಿಟ್ಟು ಪುಸ್ತಕ ಹಿಡಿದು ಕುಳಿತಳು. ಮೊದಲ ಅಧ್ಯಾಯ ಊರಿನ ಇತಿಹಾಸ. ಹರಪನಹಳ್ಳಿಯ ಪಾಳೆಗಾರರ ಕುದುರೆ ಇಲ್ಲಿ ನೀರು ಕುಡಿಯಿತಂತೆ, ಅದಕ್ಕೆ ಅವರು ಸಂತೋಷಪಟ್ಟು ಬಾವಿಗೆ ಕಲ್ಲು ಕಟ್ಟಿಸಿದರಂತೆ, ಅದರಿಂದ ಊರಿಗೆ ಕಲ್ಬಾವಿ ಎಂದು ಹೆಸರಾಯಿತಂತೆ. ಈ ಸೀಮೆಯಲ್ಲಿ ಆ ಕುದುರೆ ನೀರು ಕುಡಿಯದ ಊರೇ ಇಲ್ಲ. ಅದಕ್ಕೆ ಅದೆಂಥ ಬಾಯಾರಿಕೆಯೋ! ಕೊಟ್ಟೂರಿನಿಂದ ಹರಪನಹಳ್ಳಿಗೆ ಶೇಂಗಾ ಹೇರಿಕೊಂಡು ಹೋಗುವ ಗಾಡಿಯವರು ಎತ್ತು ಬಿಚ್ಚಿ, ರೊಟ್ಟಿ ಬಿಚ್ಚಿ, ಹರಟೆ ಹೊಡೆದು, ಕೊನೆಗೆ ಅಲ್ಲೇ ಅಂಗಡಿ ಇಟ್ಟು ಊರು ಮಾಡಿದರು ಎಂಬುದು ಹಂಪಮ್ಮ ಕೇಳಿ ಬಲ್ಲ ಕಥೆ. ಅದರಲ್ಲಿ ಕುದುರೆ ಇಲ್ಲ, ಆದ್ದರಿಂದ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಅವಳ ತಲೆಯೊಳಗಿನ ಇತಿಹಾಸವೇ ಬೇರೆ. ಅದು ನಂಬರುಗಳ ಇತಿಹಾಸ. ಒಂದನೇ ನಂಬರು ಶೇಂಗಾ ಮಂಡಿ ಬಂಗಾರಪ್ಪನವರದು. ಎರಡು ಪೊಲೀಸ್ ಠಾಣೆ. ಮೂರು ಎಣ್ಣೆ ಮಿಲ್ಲು. ನಾಲ್ಕು ಡಾಕ್ಟರು. ಟಾಕೀಸಿನವರು ತಮಗೆ ಐದೇ ಬೇಕೆಂದು ಹಟ ಹಿಡಿದು, ಹೆಡ್‌ಮಾಸ್ತರ ಜೊತೆ ಜಗಳ ಮಾಡಿಕೊಂಡು, ಎರಡು ವರ್ಷ ಮುಖ ತಿರುಗಿಸಿ ನಡೆದಿದ್ದರು. ಊರಲ್ಲಿ ಯಾರು ದೊಡ್ಡವರು, ಯಾರು ಅವರಿಗಿಂತ ಒಂದು ಗೇಣು ಚಿಕ್ಕವರು ಎಂಬುದಕ್ಕೆ ಆ ಕಾಲದಲ್ಲಿ ಫೋನಿನ ನಂಬರಿಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವಳು ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಬಂದು ಕುಳಿತದ್ದು ಗಂಡನ ಸಾವಿನಿಂದ. ತಂಬ್ರಹಳ್ಳಿಯ ಪಕ್ಕೀರಪ್ಪ ಲೈನ್‌ಮನ್ ಆಗಿದ್ದ. ಗಾಳಿಮಳೆಯ ಮರುದಿನ ಅರಸೀಕೆರೆ ರಸ್ತೆಯಲ್ಲಿ ತಂತಿ ಬಿಗಿಯಲು ಕಂಬ ಹತ್ತಿ, ಕಂಬದ ಸಮೇತ ಬಿದ್ದ. ಇಲಾಖೆ ಅವನ ಹೆಂಡತಿಗೆ ಕೆಲಸ ಕೊಟ್ಟಿತು. ಅಂಚೆ ಕಚೇರಿಯ ಮಾಳಿಗೆಯ ಮೇಲೊಂದು ಕತ್ತಲೆ ಕೋಣೆ, ಬಾಗಿಲಿಗೆ 'ಪ್ರವೇಶವಿಲ್ಲ' ಎಂಬ ಹಲಗೆ, ಒಳಗೆ ಬೋರ್ಡು. ಯಾರಾದರೂ ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ನಂಬರಿನ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಹಂಪಮ್ಮ ವಯರು ಚುಚ್ಚಿ, "ನಂಬರ್ ಪ್ಲೀಸ್" ಅನ್ನುತ್ತಿದ್ದಳು. ಯಾರೂ ನಂಬರು ಹೇಳುತ್ತಿರಲಿಲ್ಲ. "ಏ ಎಕ್ಸ್‌ಚೇಂಜು, ಡಾಕ್ಟ್ರಿಗೆ ಕೊಡವ್ವ," ಅನ್ನುತ್ತಿದ್ದರು. ಡಾಕ್ಟರು ಮನೆಯಲ್ಲಿಲ್ಲ, ಬಂಗಾರಪ್ಪನವರ ಮಂಡಿಯಲ್ಲಿ ಇಸ್ಪೀಟು ಆಡುತ್ತಾ ಕೂತಿದ್ದಾರೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು, ವಯರು ಸೀದಾ ಒಂದಕ್ಕೆ ಹೋಗುತ್ತಿತ್ತು. ಎಣ್ಣೆ ಮಿಲ್ಲಿಗೆ ಬೆಂಕಿ ಬಿದ್ದ ದಿನ ಬಂಬಾ ಗಾಡಿ ಬರುವವರೆಗೂ ಅವಳು ಕಿವಿಯಿಂದ ಹೆಡ್‌ಫೋನ್ ತೆಗೆದಿರಲಿಲ್ಲ. ಕೋಣೆಯೊಳಕ್ಕೆ ಹೊಗೆ ಬರುತ್ತಿತ್ತು.

ಹೀಗೆ ಊರಿನ ಪ್ರತಿ ದೊಡ್ಡ ಮನೆಯ ಪಡಸಾಲೆಗೂ ಅವಳ ಧ್ವನಿ ಹೋಗಿ ಬರುತ್ತಿತ್ತು. ಅವಳು ಹೋದದ್ದು ಒಂದೇ ಸಲ.

ಬಂಗಾರಪ್ಪನವರ ಮಗಳ ಮದುವೆ. ಗಂಡಿನ ಕಡೆಯವರು ಹಡಗಲಿಯವರು, ಮಾತುಕತೆಯೆಲ್ಲ ಫೋನಿನಲ್ಲೇ ನಡೆದಿತ್ತು. "ಏ ಎಕ್ಸ್‌ಚೇಂಜು, ಸಂಬಂಧ ಕುದುರಿದ್ದು ನಿನ್ನ ವಯರಿನ ಮ್ಯಾಲ. ನೀ ಬರದಿದ್ರ ಹೆಂಗ? ಮದುವಿಗೆ ಬಂದು ಉಂಡು ಹೋಗಬೇಕು ನೋಡು," ಎಂದಿದ್ದರು. ಹಂಪಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ಬಾಗಿಲಲ್ಲಿ ನಿಂತ ಹೆಂಗಸು "ಯಾರ ಪೈಕಿ ಆಗಬೇಕವ್ವ?" ಎಂದು ಕೇಳಿದಳು. ಹಂಪಮ್ಮ ತನ್ನ ಕೇರಿ ಹೇಳಿದಳು. ಆ ಹೆಂಗಸಿನ ಮುಖದಲ್ಲಿ ಕೋಪವೇನೂ ಇರಲಿಲ್ಲ. "ಹಂಗಾರ ಹಿತ್ತಲ ಕಡೆ ಹೋಗವ್ವ, ಅಲ್ಲಿ ಬಡಸ್ತಾರ," ಎಂದಳು. ದನದ ಕೊಟ್ಟಿಗೆಯ ಬಳಿ ಎಲೆ ಹಾಕಿದ್ದರು. ಹಂಪಮ್ಮ ಅದನ್ನು ನೋಡಿ ಹಾಗೆಯೇ ಹಿಂದಿರುಗಿದಳು. ಸಂಜೆ ಒಂದನೇ ನಂಬರಿನ ಮುಚ್ಚಳ ಬಿತ್ತು. "ಊಟ ಹೆಂಗಿತ್ತವ್ವ?" "ಚಲೋ ಇತ್ರಿ." ಅವರಿಗೆ ಗೊತ್ತಿತ್ತೋ ಇಲ್ಲವೋ, ಅವಳು ಕೇಳಲಿಲ್ಲ. ಡ್ಯೂಟಿ ಐತ್ರಿ, ಬರಾಕ ಆಗಂಗಿಲ್ಲ ಎಂದು ಮೊದಲೇ ಒಂದು ಮಾತು ಅಂದುಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಬಹಳ ವರ್ಷ ತನ್ನನ್ನು ತಾನೇ ಬೈದುಕೊಂಡಳು. ಆಮೇಲೆ ಯಾರ ಮನೆಗೂ ಹೋಗಲಿಲ್ಲ.

ತಾನಾಗಿಯೇ ನಡೆಯುವ ಎಕ್ಸ್‌ಚೇಂಜು ಬಂದ ದಿನ ಊರೆಲ್ಲ ಪೇಢೆ ಹಂಚಿತು. ಯಾರನ್ನೂ ಕೇಳದೆ, ತಾವೇ ಬೆರಳಲ್ಲಿ ಒತ್ತಿ ಬೊಂಬಾಯಿಯೊಂದಿಗೆ ಮಾತಾಡಬಹುದಂತೆ. ಅವತ್ತಿನಿಂದ ಊರು ಅವಳ ಕಿವಿಯಿಂದ ಎದ್ದು ಹೋಯಿತು. ಮುಖ ಯಾರಿಗೂ ಗೊತ್ತಿರಲಿಲ್ಲ, ಧ್ವನಿ ಬೇಕಾಗಿರಲಿಲ್ಲ. ನಿವೃತ್ತಿಯಾಗಿ ಬಡಾವಣೆಗೆ ಬಂದ ಮೇಲೆ ಅವಳು ಬೇಳೆ ಕಟ್ಟಿಸಿಕೊಳ್ಳುವ ಒಬ್ಬ ಅಮ್ಮ.

ಈಗ ಪುಸ್ತಕದಲ್ಲಿ ಸದಾ ಋಣಿ ಅನ್ನುತ್ತಾರೆ. ಹಂಪಮ್ಮನಿಗೆ ಸಿಟ್ಟು ಬಂತು. ಋಣ ಇದ್ದವರು ಬದುಕಿದ್ದಾಳೋ ಸತ್ತಿದ್ದಾಳೋ ಅಂತ ಒಮ್ಮೆ ಬಂದು ಕದ ತಟ್ಟಬಾರದಿತ್ತೇ? ಪುಸ್ತಕದ ಬೆನ್ನಿನಲ್ಲಿ ಸಂಪಾದಕರ ಫೋನ್ ನಂಬರು ಇತ್ತು. ಒತ್ತಿದಳು.

ಎತ್ತಿಕೊಂಡವನು ಕಾಲೇಜಿನ ಮೇಷ್ಟ್ರು ಶಿವಶಂಕರ. ಇಟ್ಟಿಗಿ ಕಡೆಯ ಹುಡುಗ, ಊರಿಗೆ ಬಂದು ಮೂರು ವರ್ಷವಾಗಿತ್ತಷ್ಟೆ.

"ಪುಸ್ತಕದಾಗ ಹಂಪಮ್ಮ ಅಂತ ಹಾಕೀರಲ್ರಿ. ಆಕಿ ಯಾವಾಗ ತೀರಿಕೊಂಡ್ಲು?"

"ದಿನಾಂಕ ಸಿಗಲಿಲ್ರಿ ಅಮ್ಮ. ದಸರಾ ಮುಗಿದ ಮ್ಯಾಲ ಟೆಲಿಫೋನ್ ಆಫೀಸಿಗೆ ಹೋಗಿದ್ವಿ. ಹಳೇ ಬೋರ್ಡಿನ ಮ್ಯಾಲ ಅವರ ಫೋಟೊ ಇತ್ತು. ಮಾಲಿ ಹಾಕಿ, ಕುಂಕುಮ ಹಚ್ಚಿ ಇಟ್ಟಿದ್ರು. ಕೌಂಟರಿನ ಹುಡುಗನ್ನ ಕೇಳಿದ್ರ, ಆ ಮೇಡಮ್ಮು ನಾ ಬರೋಕಿಂತ ಮೊದಲ ಹೋದ್ರು ಅಂದ. ನೀವು ಅವರಿಗೆ ಏನಾಗಬೇಕ್ರಿ?"

ಆಗಲೂ ಬಾಯಿಯವರೆಗೆ ಬಂದಿತ್ತು. "ಬೇಕಾದಾಕಿ," ಎಂದಳು.

"ದೇವರು ಬಂದಂಗಾತು ನೋಡ್ರಿ!" ಶಿವಶಂಕರನ ಧ್ವನಿಯೇ ಅರಳಿತು. "ಎಲ್ಲಾರ ಮನಿಯವರೂ ಸಿಕ್ಕಾರ, ಈ ತಾಯಿ ಕಡಿಯವರೊಬ್ಬರು ಸಿಕ್ಕಿರಲಿಲ್ಲ. ನನಗ ಅದೊಂದು ಭಾಳ ಬ್ಯಾಸರ ಆಗಿತ್ರಿ. ಭಾನುವಾರ ನೀವು ಬರಲೇಬೇಕು. ಅವರ ಹೆಸರಿನಾಗ ನಿಮಗ ಶಾಲು ಹೊದಿಸ್ತೀವಿ. ನಾಲ್ಕು ಮಾತು ಆಡ್ರಿ."

ಹಂಪಮ್ಮ ಬರುತ್ತೇನೆಂದಳು. ಫೋನಿಟ್ಟ ಮೇಲೆ ಅವಳಿಗೆ ಯೋಚನೆ ಸ್ಪಷ್ಟವಾಯಿತು. ಮೈಕು ಕೈಗೆ ಕೊಡುತ್ತಾರೆ. ಆ ಮೈಕಿನಲ್ಲಿ, ಊರೆಲ್ಲ ಕೇಳುವ ಹಾಗೆ, ನಾನು ಇನ್ನೂ ಇದ್ದೀನಿ ಎನ್ನಬೇಕು. ಅದಕ್ಕಿಂತ ಮೊದಲು ಯಾರಾದರೂ ಒಬ್ಬರು ತಾವಾಗಿಯೇ ಗುರುತು ಹಿಡಿದರೆ ಇನ್ನೂ ಚೆಂದ. ಆ ಒಬ್ಬರಿಗಾಗಿ ಅವಳು ಟ್ರಂಕು ತೆರೆದು ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿದಳು.

ಭಾನುವಾರ ಹೈಸ್ಕೂಲಿನ ಬಯಲಲ್ಲಿ ಶಾಮಿಯಾನ. ವೇದಿಕೆಯ ಪಕ್ಕದ ಮೇಜಿನ ಮೇಲೆ ಅಗಲಿದವರ ಫೋಟೊಗಳು ಸಾಲಾಗಿ ಇದ್ದವು, ಪ್ರತಿಯೊಂದಕ್ಕೂ ಗಂಧದ ಹಾರ, ಮುಂದೆ ಊದುಬತ್ತಿ. ಹಂಪಮ್ಮ ತನ್ನ ಫೋಟೊದ ಮುಂದೆ ಸ್ವಲ್ಪ ಹೊತ್ತು ನಿಂತಳು. ಹಿಂದಿದ್ದವರು "ಕೈ ಮುಗಿದು ಮುಂದ ನಡೀರಮ್ಮ," ಎಂದು ಅವಸರ ಮಾಡಿದರು. ಬೇರೆ ದಾರಿಯಿಲ್ಲದೆ ತನಗೆ ತಾನೇ ಕೈಮುಗಿದು ಮುಂದೆ ನಡೆದಳು.

ಶಿವಶಂಕರ ಅವಳನ್ನು ಅಗಲಿದವರ ಮನೆಯವರ ಸಾಲಿನಲ್ಲಿ, ಡಾಕ್ಟರ ಮಗಳ ಪಕ್ಕ ಕೂರಿಸಿದ. ವೇದಿಕೆಯ ನಡುವೆ ಬಂಗಾರಪ್ಪನವರು. ಅಗಲಿದವರ ಭಾಗಕ್ಕೆ ಇನ್ನೂ ಸೇರದ ಹಳೆಯ ಗಣ್ಯರಲ್ಲಿ ಅವರೊಬ್ಬರೇ ಉಳಿದಿದ್ದರು. ಕಣ್ಣು ಮಂಜಾಗಿತ್ತು, ಸೊಸೆ ಹಿಂದೆ ನಿಂತು ಭುಜ ಹಿಡಿದಿದ್ದಳು. ಅವರು ಆಗಾಗ ಯಾರನ್ನೋ ಹುಡುಕುವಂತೆ ತಲೆ ಅತ್ತಿತ್ತ ಆಡಿಸುತ್ತಿದ್ದರು.

ಮೊದಲು ಮೌನಾಚರಣೆ. ಒಬ್ಬೊಬ್ಬರದೇ ಹೆಸರು ಓದಿದರು. "ಶ್ರೀಮತಿ ಹಂಪಮ್ಮ, ದೂರವಾಣಿ ಆಪರೇಟರ್." ಎಲ್ಲರೂ ಎದ್ದು ನಿಂತರು. ಹಂಪಮ್ಮನೂ ಎದ್ದಳು. ತಲೆ ತಗ್ಗಿಸಲು ಮನಸ್ಸು ಬರಲಿಲ್ಲ, ಸುತ್ತ ನೋಡಿದಳು. ಇಡೀ ಊರು ತಲೆ ಬಗ್ಗಿಸಿ ನಿಂತಿತ್ತು. ಗಾದೆಪ್ಪ ಕಣ್ಣು ಮುಚ್ಚಿ ನಿಂತಿದ್ದ. ಇಷ್ಟು ಜನ ಒಟ್ಟಿಗೆ ತನ್ನ ಸಲುವಾಗಿ ಸುಮ್ಮನಾದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಎಲ್ಲರ ಮಾತು ಕೇಳಿಕೊಂಡು ಬದುಕಿದವಳಿಗೆ ಆ ಮೌನ ಸಹಿಸಲಾಗಲಿಲ್ಲ. ಯಾರಾದರೂ ಒಬ್ಬರು ಕಣ್ಣು ತೆರೆದು ನನ್ನ ಕಡೆ ನೋಡಬಾರದೇ ಎಂದು ಅವಳ ಜೀವ ಹಪಹಪಿಸಿತು.

ಕುಳಿತ ಮೇಲೆ ಡಾಕ್ಟರ ಮಗಳು ಮೆಲ್ಲಗೆ ಅಂದಳು: "ನನ್ನ ರಿಜಲ್ಟು ಮೊದಲು ಹೇಳಿದ್ದು ಆಕಿನ. ಪಾಸಾಗೀದಿ ಬಿಡವ್ವ, ಪೇಪರ್ ನೋಡಬ್ಯಾಡ ಅಂದಿದ್ಲು. ಅಷ್ಟು ಅಂತಃಕರಣದಾಕಿ. ನೀವು ಆಕಿಗೆ ಏನಾಗಬೇಕು?"

"ತಂಗಿ," ಎಂದಳು ಹಂಪಮ್ಮ. ಯಾಕೆ ಹಾಗಂದಳೋ ಅವಳಿಗೇ ತಿಳಿಯದು.

"ಮುಖ ಹೊಂದತೈತಿ," ಎಂದಳು ಡಾಕ್ಟರ ಮಗಳು, ಕರ್ಚೀಫಿನಿಂದ ಕಣ್ಣೊರೆಸಿಕೊಂಡು.

ಅವಳ ಸರದಿ ಬಂತು. ಮೆಟ್ಟಿಲು ಹತ್ತಿದಳು. ಶಿವಶಂಕರ ಶಾಲು ಹೊದಿಸಿದ, ಬಗ್ಗಿ ಕಾಲು ಮುಟ್ಟಿದ. ಪಾಪದ ಹುಡುಗ, ಕಣ್ಣಲ್ಲಿ ನೀರಿತ್ತು. ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟ. ಹಂಪಮ್ಮ ಮೈಕಿನ ಕಂಬ ಹಿಡಿದಳು. ಗಂಟಲು ಸರಿಮಾಡಿಕೊಂಡು, "ಎಲ್ಲಾರಿಗೂ ನಮಸ್ಕಾರ್ರಿ," ಎಂದಳು.

ಅಷ್ಟು ಸಾಕಾಯಿತು. ಹಿಂದಿನಿಂದ ಬಂಗಾರಪ್ಪನವರು ಕುರ್ಚಿಯ ಕೈ ಬಡಿದು ಕೂಗಿದರು. "ಏ ಎಕ್ಸ್‌ಚೇಂಜು! ಎಲ್ಲಿ ಹಾಳಾಗಿ ಹೋಗಿದ್ದೆವ್ವ ಇಷ್ಟು ದಿನ? ಹಿಡಿ ತಿರುವಿ ತಿರುವಿ ನನ್ನ ಕೈ ಬಿತ್ತು!"

ಹಂಪಮ್ಮ ತಿರುಗಿ ನೋಡಿದಳು. ಸೊಸೆ ಮುಜುಗರದಿಂದ ಅವರ ಕೈ ಹಿಡಿದು, "ಮಾವ, ಆಕಿ ಇಲ್ರಿ, ತೀರಿಕೊಂಡಾಳ. ಇವರು ಆಕಿ ಕಡಿಯವರು," ಎನ್ನುತ್ತಿದ್ದಳು. "ಯಾರು ಸತ್ತಿದ್ದು? ಆಕಿ ಮಾತಾಡಾಕಹತ್ಯಾಳ, ಕಿವಿ ಇಲ್ಲೇನು ನಿಮಗ?" ಎಂದು ಮುದುಕರು ಜೋರು ಮಾಡಿದರು. ಯಾರೋ ಹುಡುಗರು ಕಿಸಕ್ಕೆಂದರು. ಶಿವಶಂಕರ ಮೈಕಿನ ಬಳಿ ಬಾಗಿ, "ಹಿರಿಯರಿಗೆ ವಯಸ್ಸಾಗಿದೆ, ದಯವಿಟ್ಟು ಎಲ್ಲರೂ ಶಾಂತರಾಗಬೇಕು," ಎಂದ. ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಮನೆಯ ಅಜ್ಜ ತೊದಲಿದರೆ ನಗುವಂಥ ನಗೆ.

ಈಗ ಹೇಳಬೇಕಿತ್ತು. ಒಂದೇ ಮಾತು ಸಾಕಿತ್ತು, ಮುದುಕರ ಮಾನವೂ ಉಳಿಯುತ್ತಿತ್ತು. ಹಂಪಮ್ಮ ಬಾಯಿ ತೆರೆದಳು. ಎದುರಿಗೆ ನಗುವ ಸಭೆ, ಪಕ್ಕದಲ್ಲಿ ಬೆವರುತ್ತಿರುವ ಶಿವಶಂಕರ, ಮೇಜಿನ ಮೇಲೆ ಹಾರ ಹಾಕಿಸಿಕೊಂಡ ತಾನು. ಈ ಊರು ಅವಳಿಗೆ ಗೊತ್ತು. ಒಂದು ಸಲ ಟಾಕೀಸಿನವರು ಸಭೆಯಲ್ಲಿ ಎಡವಿ ಬಿದ್ದದ್ದಕ್ಕೆ ಸಾಯುವವರೆಗೂ ಅವರಿಗೆ ಉರುಳು ಸೇವೆ ಎಂದೇ ಹೆಸರಿತ್ತು. ನಾಳೆಯಿಂದ ತಾನು ಸತ್ತು ಎದ್ದುಬಂದ ಹಂಪಮ್ಮ. ಗಾದೆಪ್ಪ ಬೇಳೆ ಕಟ್ಟುವಾಗ ನಗುತ್ತಾನೆ, ಹುಡುಗರು ಹಿಂದೆ ಬೀಳುತ್ತಾರೆ, ಈ ಮೇಷ್ಟ್ರು ಊರು ಬಿಡಬೇಕಾಗುತ್ತದೆ. ಮಧುರ ಧ್ವನಿ, ಋಣ, ಮೌನ, ಎಲ್ಲ ಒಂದು ನಗೆಚಾಟಿಕೆಯಾಗಿ ಹೋಗುತ್ತದೆ. ಅವಳಿಗೆ ಸಾವಿಗಿಂತ ಅದೇ ಹೆಚ್ಚು ಭಯವಾಯಿತು.

"ಹಂಪಮ್ಮ ಇದ್ದಿದ್ರ ಭಾಳ ಸಂತೋಷ ಪಡ್ತಿದ್ಲು," ಎಂದಳು. ಚಪ್ಪಾಳೆ ಬಿತ್ತು. ಕೆಳಗಿಳಿದು, ಊಟಕ್ಕೂ ನಿಲ್ಲದೆ, ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಹೇಡಿ, ಹೇಡಿ ಎಂದು ತನ್ನನ್ನು ತಾನೇ ಬೈದುಕೊಂಡಳು. ಗುರುತು ಹಿಡಿದವರು ಒಬ್ಬರು ಸಿಕ್ಕಿದ್ದರು, ಅವರನ್ನೂ ಊರಿನ ಮುಂದೆ ಹುಚ್ಚರನ್ನಾಗಿ ಮಾಡಿ ಬಂದಿದ್ದಳು.

ಸೋಮವಾರ ಬೆಳಗ್ಗೆ ಟೆಲಿಫೋನ್ ಆಫೀಸಿಗೆ ಹೋದಳು. ಹೊಸ ಕಟ್ಟಡ, ಕೌಂಟರಿನಲ್ಲಿ ಗೊತ್ತಿಲ್ಲದ ಹುಡುಗ. ಒಳಗಿನ ಮೂಲೆಯಲ್ಲಿ, ಹಳೆಯ ವಯರಿನ ಸುರುಳಿಗಳ ನಡುವೆ, ಅವಳ ಬೋರ್ಡು ನಿಂತಿತ್ತು. ಮೇಲೆ ಗೋಡೆಯಲ್ಲಿ ಅವಳ ಫೋಟೊ, ಒಣಗಿ ಕಂದಾದ ಚೆಂಡುಹೂವಿನ ಮಾಲೆ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಸರಿಯಾಗಿ ಕುಂಕುಮ. ಕೆಳಗೆ ಸ್ಟೂಲಿನ ಮೇಲೆ ಕುಳಿತು ಹುಲುಗಣ್ಣ ಇಕ್ಕಳಕ್ಕೆ ಎಣ್ಣೆ ಬಿಡುತ್ತಿದ್ದ. ಪಕ್ಕೀರಪ್ಪ ಕಂಬದಿಂದ ಬಿದ್ದ ದಿನ ಏಣಿ ಹಿಡಿದಿದ್ದವನು ಅವನೇ. ಈಗ ಅವನ ಮೀಸೆಯೂ ಬೆಳ್ಳಗಾಗಿತ್ತು.

"ಅಕ್ಕಾ!" ಎಂದು ಎದ್ದು ನಿಂತ. "ಬರ್ರಿ, ಬರ್ರಿ. ಯಾವ ಕಾಲ ಆತು!"

"ಆ ಮಾಲಿ ಹಾಕಿದಾವ ಯಾರೋ ಹುಲುಗಣ್ಣ?"

"ನಾನ. ಯಾಕಕ್ಕ?"

"ನಾನೇನು ಸತ್ತೀನೇನೋ? ನಿನ್ನ ಮಾಲಿ ನೋಡಿ ಊರು ನಿನ್ನೆ ನನಗ ಮೌನ ಆಚರಿಸ್ತು!"

ಹುಲುಗಣ್ಣನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಾಲಿಗೆ ಕಚ್ಚಿಕೊಂಡ. "ಬಿಡ್ತು ಅನ್ರಿ! ಸತ್ತವರಿಗೆ ಹಾಕಿದ ಮಾಲಿ ಅಲ್ರಿ ಅದು. ಆಯುಧ ಪೂಜಿದು. ಇಕ್ಕಳಕ್ಕ ಹಾಕ್ತೀವಿ, ಏಣಿಗೆ ಹಾಕ್ತೀವಿ, ಜೀಪಿಗೆ ಹಾಕ್ತೀವಿ. ವರ್ಷಾ ವರ್ಷ ಈ ಬೋರ್ಡಿಗೂ ಹಾಕ್ತೀನಿ, ಅನ್ನ ಕೊಟ್ಟೈತಿ ಅಂತ. ಬೋರ್ಡಿಗೆ ಹಾಕಿ ನಿಮ್ಮನ್ನ ಬಿಡಾಕ ಬರತೈತೇನಕ್ಕ? ನೀವಿಲ್ಲದಿದ್ರ ಇದು ಬರೇ ಕಟ್ಟಿಗಿ."

ಹಂಪಮ್ಮ ಫೋಟೊವನ್ನೇ ನೋಡುತ್ತಾ ನಿಂತಳು. ನಗು ಬಂತು, ಅದರ ಹಿಂದೆಯೇ ಅಳು ಬಂತು. ಇಕ್ಕಳ, ಏಣಿ, ಜೀಪು, ಆಮೇಲೆ ತಾನು. ಇಡೀ ಊರಿನಲ್ಲಿ ವರ್ಷಕ್ಕೊಂದು ದಿನ ತನ್ನನ್ನು ತಪ್ಪದೆ ನೆನೆದವನು ಇವನೊಬ್ಬ, ಆ ನೆನಪೇ ತನ್ನನ್ನು ಕೊಂದು ಹಾಕಿತ್ತು. ಯಾರನ್ನು ಬೈಯುವುದು?

"ಅಷ್ಟು ಅಭಿಮಾನ ಇದ್ದಾವ ಇಷ್ಟು ವರ್ಷದಾಗ ಒಮ್ಮಿನೂ ಮನಿ ಕಡಿ ಬರಲಿಲ್ಲಲ್ಲೋ," ಎಂದಳು.

ಹುಲುಗಣ್ಣ ತಲೆ ಕೆರೆದುಕೊಂಡ. "ಇಲ್ಲಿ ದಿನಾ ನೋಡ್ತೀನಲ್ಲಕ್ಕ," ಎಂದ. ಆಮೇಲೆ, "ತಗೀಲೇನು ಮಾಲಿ?"

"ಇರ್ಲಿ ಬಿಡು. ಬರೋ ವರ್ಷ ಹೆಂಗೂ ಬದಲು ಮಾಡ್ತಿಯಲ್ಲ."

ಅವಳು ಬಾಗಿಲು ದಾಟುವಾಗ ಅವನಿಗೆ ಏನೋ ನೆನಪಾಯಿತು. "ಅಕ್ಕ, ಮುಂಜಾನೆ ಬಂಗಾರಪ್ಪನೋರ ಸೊಸಿ ಫೋನ್ ಮಾಡಿದ್ಲು. ಮುದುಕರು ರಾತ್ರಿಯಿಂದ ಊಟ ಬಿಟ್ಟಾರಂತ. ಎಕ್ಸ್‌ಚೇಂಜಿಗೆ ಕೊಡು, ಎಕ್ಸ್‌ಚೇಂಜಿಗೆ ಕೊಡು ಅಂತ ಹಟ. ಆಕಿ ಅಳಾಕಹತ್ತಿದ್ಲು. ನಿಮ್ಮ ನಂಬರ್ ಕೊಟ್ಟೀನಿ, ತಪ್ಪಾತೇನು?"

ಹಂಪಮ್ಮ ಸೀದಾ ಮನೆಗೆ ಬಂದು ಒಲೆ ಹಚ್ಚಿದಳು.

ಮಧ್ಯಾಹ್ನ ಫೋನು ರಿಂಗಾಯಿತು. ಎತ್ತಿದಳು. ಉಸಿರಾಟ ಕೇಳಿಸಿತು, ಹಿಂದೆ ಸೊಸೆ "ಮಾತಾಡ್ರಿ ಮಾವ, ಸಿಕ್ಕೈತಿ," ಎನ್ನುತ್ತಿದ್ದದ್ದೂ ಕೇಳಿಸಿತು. ಹಂಪಮ್ಮನ ಬಾಯಿ ತಾನಾಗಿಯೇ ಅಂದಿತು:

"ನಂಬರ್ ಪ್ಲೀಸ್."

"ಹಾಂ!" ಎಂದರು ಬಂಗಾರಪ್ಪನವರು. ಎಷ್ಟು ನೆಮ್ಮದಿಯಿತ್ತು ಆ ಒಂದು ಸದ್ದಿನಲ್ಲಿ. "ಎಕ್ಸ್‌ಚೇಂಜು, ಡಾಕ್ಟ್ರಿಗೆ ಕೊಡವ್ವ. ಇವತ್ತು ಆಟಕ್ಕ ಬಂದಿಲ್ಲ ನೋಡು ಅಂವ."

ಡಾಕ್ಟರು ತೀರಿಕೊಂಡು ಬಹಳ ವರ್ಷವಾಗಿತ್ತು. ಹಂಪಮ್ಮ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ನಾಲ್ಕನೇ ಮುಚ್ಚಳ ಬೋರ್ಡಿನಲ್ಲಿ ತನ್ನ ಜಾಗದಲ್ಲೇ ಇತ್ತು.

"ಲೈನು ಬಿಜಿ ಐತ್ರಿ. ಸ್ವಲ್ಪ ತಡದು ಮಾಡ್ರಿ."

"ಹಂಗಾರ ಹೆಡ್‌ಮಾಸ್ತರಿಗೆ ಕೊಡು."

"ಅದೂ ಬಿಜಿ ಐತ್ರಿ."

"ಎಲ್ಲಾರೂ ಅವರವರ ಒಳಗ ಮಾತಾಡಾಕಹತ್ಯಾರೇನು ನನ್ನ ಬಿಟ್ಟು?" ಮುದುಕರ ಧ್ವನಿ ಸಣ್ಣದಾಯಿತು. "ಒಬ್ಬರೂ ಸಿಗವಲ್ರು ನೋಡವ್ವ ನನಗ."

"ನಾ ಅದೀನಲ್ರಿ," ಎಂದಳು ಹಂಪಮ್ಮ. ಹಿಂದಿನ ದಿನ ಮೈಕಿನಲ್ಲಿ ಹೇಳಬೇಕೆಂದು ಹೊತ್ತು ಹೋಗಿದ್ದ ಮಾತು ಅದೇ.

"ನೀ ಅದೀ. ನೀ ಇಲ್ಲದ ಎಲ್ಲಿ ಹೋಗ್ತಿ?" ಎಂದರು ಅವರು. ಆಮೇಲೆ ಒಮ್ಮೆಲೇ ಗೆಲುವಾದರು. "ಕೇಳಿಲ್ಲಿ. ನಾಳಿ ಮಗಳ ಮದುವಿ. ಸಂಬಂಧ ಕುದುರಿದ್ದು ನಿನ್ನ ವಯರಿನ ಮ್ಯಾಲ. ನೀ ಬಂದು ಉಂಡು ಹೋಗಬೇಕು ನೋಡು."

ಕೊಟ್ಟಿಗೆಯ ಬಳಿ ಹಾಸಿದ ಎಲೆ, ಅದರ ತುದಿಯಲ್ಲಿ ಇಟ್ಟ ಉಪ್ಪು, ಎಲ್ಲ ಹಂಪಮ್ಮನ ಕಣ್ಣಿಗೆ ಕಟ್ಟಿತು. ಮೂವತ್ತು ವರ್ಷ ತಡವಾಗಿಯಾದರೂ ಆ ಮಾತು ಆಡುವ ಸಂದರ್ಭ ತಿರುಗಿ ಬಂದಿತ್ತು. ಸಿಟ್ಟಿನಿಂದ ಅನ್ನಬೇಕೆಂದಿದ್ದಳು, ಸಿಟ್ಟು ಬರಲಿಲ್ಲ.

"ಡ್ಯೂಟಿ ಐತ್ರಿ. ಬರಾಕ ಆಗಂಗಿಲ್ಲ."

"ಹೌದಲ್ಲ," ಎಂದರು ಬಂಗಾರಪ್ಪನವರು. "ನೀ ಎದ್ದು ಬಂದ್ರ ಬೋರ್ಡ್ ಯಾರು ನೋಡಬೇಕು? ಕೂತಿರು, ಕೂತಿರು. ಆಮ್ಯಾಲೆ ಮತ್ತ ಮಾಡ್ತೀನಿ, ಡಾಕ್ಟ್ರು ಸಿಗ್ತಾನೇನೋ."

ಫೋನು ಇಟ್ಟ ಸದ್ದು ಕೇಳಿಸಿತು. ಹಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಮೇಲೆ ಬೇಯುತ್ತಿದ್ದ ಬೇಳೆಯನ್ನು ಇಳಿಸಿದಳು. ಕುರ್ಚಿಯನ್ನು ಗೋಡೆಯ ಬಳಿಯಿಂದ ಎಳೆದು ಫೋನಿನ ಮುಂದೆ ಹಾಕಿಕೊಂಡು ಕುಳಿತಳು.